ಸರ, ಒಂದ್ ಮಾತ್ ಕೇಳ್ಲೇನ್ರಿ?

ಹೋದ ಜನವರಿ. ಕೊಪ್ಪಳದ ಗವಿಮಠದ ಜಾತ್ರೆ ಮುಗಿದು ಎರಡು ದಿನ ಆಗಿರಬೇಕು. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳ ತಾಯಿ ಸೆರಗಿನ ತುದಿಯಲ್ಲಿ ಫೋನು ಸುತ್ತಿಕೊಂಡು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತರು.

"ಸರ, ಈಕಿ ರಾತ್ರಿ ಹನ್ನೊಂದರ ತನಕ ಯಾರ ಜೋಡಿನೋ ಮಾತಾಡ್ತಾಳ್ರಿ. ಕೇಳಿದ್ರ ಯಾರೂ ಇಲ್ಲ ಅಂತಾಳ. ನೀವ ನೋಡ್ರಿ, ನಮಗ ಓದಾಕ ಬರಂಗಿಲ್ಲ."

ಫೋನು ನನ್ನ ಟೇಬಲ್ಲಿನ ಮೇಲಿಟ್ಟು ನೆಲ ನೋಡುತ್ತ ನಿಂತರು. ಇಂಥ ದೂರು ವರ್ಷಕ್ಕೆ ನಾಲ್ಕೈದು ಬರುತ್ತವೆ. ಕೊನೆಗೆ ಎಲ್ಲೋ ಒಬ್ಬ ಹುಡುಗನ ನಂಬರು ಸಿಗುತ್ತದೆ, ಅಲ್ಲಿಗೆ ಓದು ಮುಗಿದು ಮದುವೆಯ ಮಾತು ಶುರು. ಅದಕ್ಕೇ ಆ ಫೋನು ಮುಟ್ಟಲು ನನಗೆ ಮನಸ್ಸಾಗಲಿಲ್ಲ. ಹುಡುಗಿಯನ್ನೇ ಕರೆಸಿದೆ. ಅವಳು ತುಟಿ ಬಿಚ್ಚದೆ ತಾನೇ ಲಾಕು ತೆಗೆದು ನನ್ನ ಕೈಗೆ ಕೊಟ್ಟಳು.

ಆ ಕಡೆ ಇದ್ದದ್ದು ಹುಡುಗನಲ್ಲ, ಎಐ. ಮಾತಿಗೆ ಮಾತು ಕೊಡುವ ಆ್ಯಪು. ಬೆರಳಿನಿಂದ ತಳ್ಳುತ್ತ ಹೋದೆ. ಒಂದೇ ರಾತ್ರಿಯಲ್ಲಿ ನಲವತ್ತೊಂದು ಪ್ರಶ್ನೆ.

ಮೂರು ವರ್ಷದಿಂದ ಆ ಹುಡುಗಿ ನನ್ನ ಕ್ಲಾಸಿನಲ್ಲಿ ಕೂತಿದ್ದಾಳೆ. ಹಾಜರಿ ಕರೆದಾಗ ಓಗೊಡುವುದನ್ನು ಬಿಟ್ಟರೆ ಅವಳ ದನಿ ಹೇಗಿದೆ ಎಂದು ನನಗೆ ಗೊತ್ತಿಲ್ಲ. ಅವಳು ಆ ಮಷೀನಿಗೆ ಕೇಳಿದ್ದಳು: "ಕನ್ನಡಿಯಾಗ ಎಡ ಬಲ ಅದಲುಬದಲು ಆಗ್ತಾವ, ಮ್ಯಾಲ ಕೆಳಗ ಯಾಕ ಆಗಂಗಿಲ್ಲ?" ಆಮೇಲೆ: "ಕರೆಂಟ್ ಒಂದ್ ವೈರಿನಾಗ ಬಂದು ಇನ್ನೊಂದರಾಗ ಹೊಳ್ಳಿ ಹೋಗ್ತೈತಿ ಅಂದ್ರ ಬಿಲ್ ಯಾದಕ್ಕ ಕಟ್ಟಬೇಕು?"

ಮೂವತ್ತು ವರ್ಷ ದಾಟಿತು ನಾನು ವಿಜ್ಞಾನ ಕಲಿಸಲು ಹಿಡಿದು. "ಕನ್ನಡಿಯಲ್ಲಿ ಎಡವು ಬಲವಾಗಿ ಕಾಣುತ್ತದೆ" ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಹಾಗಾದರೆ ತಲೆ ಯಾಕೆ ಕೆಳಗಾಗುವುದಿಲ್ಲ ಎಂದು ಒಮ್ಮೆಯೂ ನನಗೆ ಹೊಳೆದಿರಲಿಲ್ಲ. ನಿಜ ಹೇಳಬೇಕೆಂದರೆ ಕನ್ನಡಿ ಎಡಬಲವನ್ನು ಬದಲಿಸುವುದೇ ಇಲ್ಲ. ಅದು ಬದಲಿಸುವುದು ಹಿಂದುಮುಂದನ್ನು. ಒಳಗೆ ಕಾಣುವ ಮನುಷ್ಯನ ಜಾಗದಲ್ಲಿ ನಾವೇ ಹೋಗಿ ನಿಂತಂತೆ ಎಣಿಸಿಕೊಳ್ಳುತ್ತೇವಲ್ಲ, ಎಡಬಲದ ಗೊಂದಲ ಅಲ್ಲಿಂದ ಹುಟ್ಟುತ್ತದೆ. ಇಷ್ಟನ್ನು ನಾನು ಆ ದಿನ ಮಧ್ಯಾಹ್ನ ಕಾಮನ್ ರೂಮಿನ ಕನ್ನಡಿಯ ಮುಂದೆ ಕೈ ಎತ್ತಿ ಇಳಿಸಿ ಖಾತ್ರಿ ಮಾಡಿಕೊಂಡೆ. ನನ್ನನ್ನು ಕಂಡು ಡ್ರಿಲ್ ಮಾಸ್ತರರು ನಕ್ಕರು.

ಬಿಲ್ಲಿನ ಪ್ರಶ್ನೆಗೆ ಆ್ಯಪು ಸರಿಯಾಗಿಯೇ ಉತ್ತರಿಸಿತ್ತು: ನಾವು ಹಣ ಕೊಡುವುದು ಕರೆಂಟಿಗಲ್ಲ, ಅದು ಬಲ್ಬಿಗೆ ಕೊಟ್ಟು ಹೋದ ಶಕ್ತಿಗೆ ಎಂದು. ಅದರ ಕೆಳಗೆ ಅವಳ ಮರುಪ್ರಶ್ನೆ: "ಅಂದ್ರ ಹಮಾಲರಂಗ? ಚೀಲ ಇಳಿಸಿ ಬರಿಗೈಲೆ ಹೊಳ್ಳಿ ಹೋಗೋದು?" ಇದಕ್ಕಿಂತ ಒಳ್ಳೆಯ ಹೋಲಿಕೆ ನಾನು ಯಾವ ಪಠ್ಯಪುಸ್ತಕದಲ್ಲೂ ಕಂಡಿಲ್ಲ.

ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕೂ ಮೊದಲು ಒಂದು ಕ್ಷಣ ಎದೆಯಲ್ಲಿ ಏನೋ ಚುಚ್ಚಿತು. ಹೊಟ್ಟೆಕಿಚ್ಚು ಅಂದರೂ ನಡೆದೀತು. ನನ್ನೆದುರು ಮೂರು ವರ್ಷ ಬಾಯಿ ಬಿಡದವಳು ಒಂದು ಮಷೀನಿನ ಎದುರು ಒಂದೇ ರಾತ್ರಿ ನಲವತ್ತೊಂದು ಸಲ ಬಾಯಿ ಬಿಟ್ಟಿದ್ದಳು.

ತಾಯಿಗೆ ಹೇಳಿದೆ, "ಯಾರೂ ಇಲ್ಲವ್ವಾ, ಇದು ಮಷೀನು."

"ಹುಡುಗ ಅಲ್ಲಲ್ರಿ?"

"ಅಲ್ಲ."

"ಹಂಗಾರ ಮಾತಾಡ್ಲಿ ಬಿಡ್ರಿ," ಎಂದು ಫೋನು ಸೆರಗಿಗೆ ಕಟ್ಟಿಕೊಂಡು ಹೊರಟವರು ಬಾಗಿಲಲ್ಲಿ ತಿರುಗಿ ನಿಂತು, "ಅಲ್ರೀ ಸರ, ಅದಕ್ಕ ರೊಕ್ಕ ಎಷ್ಟ್ ಹತ್ತತೈತ್ರಿ?" ಅಂದರು. ಇದೂ ನನಗೆ ಹೊಳೆಯದ ಪ್ರಶ್ನೆಯೇ.

*

ಕೇಳು ಅನ್ನುವ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ. ಕಿವಿ ಕೊಡುವುದೂ ಕೇಳುವುದೇ, ಪ್ರಶ್ನೆ ಹಾಕುವುದೂ ಕೇಳುವುದೇ. "ಸುಮ್ಮನ ಕುಂತು ಕೇಳು" ಅಂದರೆ ಒಂದು, "ತಿಳೀಲಿಲ್ಲಂದ್ರ ಕೇಳು" ಅಂದರೆ ಇನ್ನೊಂದು. ಶಾಲೆಯಲ್ಲಿ ದಿನವಿಡೀ ನಾನು ಮೊದಲನೆಯದನ್ನೇ ಹೇಳುತ್ತೇನೆ. ಎರಡನೆಯದನ್ನೂ ಹೇಳುತ್ತೇನೆ, ಗಂಟೆ ಹೊಡೆಯಲು ಅರ್ಧ ನಿಮಿಷ ಉಳಿದಾಗ, ಡಸ್ಟರು ಕೈಯಲ್ಲಿ ಹಿಡಿದುಕೊಂಡು.

ನಮ್ಮ ಸೀಮೆಯ ಶಾಲೆಗಳಿಗೆ ಬಂದ ಯಂತ್ರಗಳೂ ಇಷ್ಟು ವರ್ಷ ಮೊದಲನೆಯ ಅರ್ಥದಲ್ಲೇ ಮಾತಾಡಿದವು. ಅವುಗಳಲ್ಲಿ ಮೊಟ್ಟಮೊದಲನೆಯದನ್ನು ನಾನು ಮೂರನೇ ಕ್ಲಾಸಿನಲ್ಲಿ ಕಂಡೆ.

1975ರ ಆಗಸ್ಟ್ 1ರಿಂದ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಟೀವಿ ಬಂತು. 'ಸೈಟ್' ಎಂದು ಆ ಪ್ರಯೋಗದ ಹೆಸರು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಬೆಂಗಳೂರನ್ನಲ್ಲ, ಮೈಸೂರನ್ನಲ್ಲ; ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳನ್ನು. ಕೊಪ್ಪಳ ಆಗ ರಾಯಚೂರಿನ ಒಂದು ತಾಲ್ಲೂಕು. ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದೇ 1981ರಲ್ಲಿ. ಎಲ್ಲದರಲ್ಲೂ ಹಿಂದುಳಿದವರು ಅನ್ನಿಸಿಕೊಂಡ ನಾವು ಟೀವಿಯ ವಿಷಯದಲ್ಲಿ ರಾಜಧಾನಿಗಿಂತ ಆರು ವರ್ಷ ಮುಂದಿದ್ದೆವು. ಹಿಂದುಳಿದದ್ದಕ್ಕೇ ಆ ಮರ್ಯಾದೆ ಸಿಕ್ಕಿತ್ತು ಅನ್ನುವುದು ಬೇರೆ ಮಾತು.

ನಮ್ಮೂರಿನ ಪಕ್ಕದ ಊರಿನ ಶಾಲೆಗೆ ಆ ಪೆಟ್ಟಿಗೆ ಬಂದಿತ್ತು. ಅಪ್ಪ ಅಲ್ಲಿ ಮಾಸ್ತರು, ಹಾಗಾಗಿ ನಾನೂ ಅಲ್ಲೇ. ಅಂಗಳದಲ್ಲಿ ಹತ್ತು ಅಡಿ ಅಗಲದ, ಕೋಳಿಗೂಡಿಗೆ ಹಾಕುವಂಥ ಜಾಳಿಗೆಯ ದೊಡ್ಡ ಛತ್ರಿ. ಆಕಾಶದಲ್ಲಿ ನಾಸಾದ ಎಟಿಎಸ್-6 ಉಪಗ್ರಹ ಮೂವತ್ತು ಅಡಿಯ ಆಂಟೆನಾ ಬಿಚ್ಚಿಕೊಂಡು ಬಲವಾಗಿ ಕಳಿಸುತ್ತಿದ್ದುದರಿಂದ ಕೆಳಗೆ ನಮ್ಮ ಜಾಳಿಗೆಯೇ ಸಾಕಾಗುತ್ತಿತ್ತು. ಈ ಪ್ರಯೋಗಕ್ಕಾಗಿ ಓಡಾಡಿದವರು ವಿಕ್ರಂ ಸಾರಾಭಾಯಿ. ನಾಸಾದ ಜೊತೆ ಒಪ್ಪಂದ ಆದದ್ದು 1969ರಲ್ಲಿ. 1971ರಲ್ಲೇ ಅವರು ತೀರಿಕೊಂಡರು, ಪ್ರಸಾರ ನೋಡಲಿಲ್ಲ. ಬೆಳಗ್ಗೆ ಇಪ್ಪತ್ತು ಚಿಲ್ಲರೆ ನಿಮಿಷ ನಮ್ಮಂಥ ಹುಡುಗರಿಗೆ. ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ. ಕುಟುಂಬ ಯೋಜನೆ ಬಂದಾಗ ಗಂಡಸರು ಎದ್ದು ಬೀಡಿ ಸೇದಲು ಹೋಗುತ್ತಿದ್ದರು.

ಏನೇನು ತೋರಿಸಿದರೋ ಹೆಚ್ಚು ನೆನಪಿಲ್ಲ. ಒಂದು ದಿನದ್ದು ಮಾತ್ರ ಚೆನ್ನಾಗಿ ನೆನಪಿದೆ. ತೆರೆಯ ಮೇಲಿನವರು ಏನನ್ನೋ ವಿವರಿಸಿ, ನಮ್ಮತ್ತ ನೋಡಿ, "ತಿಳಿಯಿತೇ ಮಕ್ಕಳೇ?" ಅಂದರು. ನನ್ನ ಪಕ್ಕ ಕೂತಿದ್ದ ಗೆಳೆಯ ಎದ್ದು ನಿಂತು ಗಟ್ಟಿಯಾಗಿ, "ಇಲ್ರೀ!" ಅಂದ.

ಇಡೀ ಶಾಲೆ ಬಿದ್ದು ಬಿದ್ದು ನಕ್ಕಿತು. ಅಪ್ಪ ಅವನ ತಲೆಗೆ ಒಂದು ಮೊಟಕಿದರು. ಟೀವಿಯಲ್ಲಿದ್ದವರು ನಗುತ್ತ ಮುಂದಿನದನ್ನು ಹೇಳುತ್ತ ಹೋದರು.

ಸರಿಯಾಗಿ ಒಂದು ವರ್ಷ. 1976ರ ಜುಲೈ 31ಕ್ಕೆ ಎಲ್ಲ ಮುಗಿಯಿತು. ಉಪಗ್ರಹ ಅಮೆರಿಕದವರದು, ಕಡ ತಂದ ಎತ್ತು, ಹೊಡೆದುಕೊಂಡು ಹೋದರು. ಜಾಳಿಗೆ ಬಹಳ ದಿನ ಅಂಗಳದಲ್ಲೇ ಇತ್ತು, ಆಮೇಲೆ ಯಾರದೋ ಹಿತ್ತಲಲ್ಲಿ ಬದನೆ ಗಿಡಕ್ಕೆ ಬೇಲಿಯಾಯಿತು. ಆ ಗೆಳೆಯ ಐದನೇ ಕ್ಲಾಸಿಗೆ ಶಾಲೆ ಬಿಟ್ಟ. ಈಗಲೂ ಸಂತೆಯಲ್ಲಿ ಸಿಗುತ್ತಾನೆ. "ಇಲ್ರೀ" ಅಂತ ಕರೆದರೆ ಸಾಕು, ನಾಚಿಕೊಂಡು ನಗುತ್ತಾನೆ.

ಈ ಕಥೆ ಬರೆಯುವಾಗ ಪರೀಕ್ಷೆ ಮಾಡೋಣವೆಂದು ಆ ಹುಡುಗಿಯ ಬಳಿಯಿದ್ದಂಥದೇ ಆ್ಯಪಿಗೆ ಸೈಟ್ ಬಗ್ಗೆ ಕೇಳಿದೆ. ರಾಯಚೂರಿನ ಕಾರ್ಯಕ್ರಮಗಳು ಬೆಂಗಳೂರು ದೂರದರ್ಶನದಲ್ಲಿ ತಯಾರಾಗುತ್ತಿದ್ದವು ಎಂದಿತು, ಒಂದಿಷ್ಟೂ ಅಳುಕಿಲ್ಲದೆ. ಹುಟ್ಟದ ಕೂಸಿಗೆ ಕುಲಾವಿ ಹೊಲಿಸಿದಂತೆ. ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ತಪ್ಪು ತೋರಿಸಿದ ಕೂಡಲೇ ಕ್ಷಮೆ ಕೇಳಿತು. ಮಾಸ್ತರರಿಗೆ ಈ ಗುಣ ಕಡಿಮೆ, ಒಪ್ಪಿಕೊಳ್ಳುತ್ತೇನೆ. ಆದರೆ ನನಗೆ ಗೊತ್ತಿದ್ದದ್ದಕ್ಕೆ ತಪ್ಪು ಸಿಕ್ಕಿತು. ಗೊತ್ತಿಲ್ಲದ ಹುಡುಗಿ ಏನು ಮಾಡಬೇಕು?

*

ಹೈದರಾಬಾದ್ ಅಂದದ್ದಕ್ಕೆ ಅಜ್ಜ ನೆನಪಾದರು. ನಮ್ಮಜ್ಜ ನಾಲ್ಕನೆಯ ತನಕ ಓದಿದ್ದು ಉರ್ದುವಿನಲ್ಲಿ. ನಿಜಾಮರ ಕಾಲ. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾದಾಗ ಉನ್ನತ ಶಿಕ್ಷಣವನ್ನು ಇಂಗ್ಲಿಷಿನಲ್ಲಲ್ಲ, ದೇಶದ್ದೇ ಒಂದು ಭಾಷೆಯಲ್ಲಿ ಕೊಡುತ್ತೇವೆ ಅಂದದ್ದು ಆ ಕಾಲಕ್ಕೆ ದೊಡ್ಡ ಹೊಸ ವಿಚಾರ. ಪುಸ್ತಕಗಳನ್ನು ಉರ್ದುವಿಗೆ ತರಲೆಂದೇ ಅನುವಾದದ ಇಲಾಖೆ ಕಟ್ಟಿದ್ದರು. ಒಳ್ಳೆಯ ವಿಚಾರವೇ. ಆದರೆ ಕೊಪ್ಪಳದ ಒಕ್ಕಲಿಗರ ಮನೆಯ ಹುಡುಗನಿಗೆ ಇಂಗ್ಲಿಷ್ ಎಷ್ಟು ದೂರವೋ ಉರ್ದುವೂ ಅಷ್ಟೇ ದೂರ. ಅಜ್ಜನಿಗೆ ಉರ್ದುವಿನ ಲೆಕ್ಕದ ಮಗ್ಗಿ ಸಾಯುವ ತನಕ ಬಾಯಿಗೆ ಬರುತ್ತಿತ್ತು. ಶಾಲೆಯಲ್ಲಿ ಯಾವತ್ತಾದರೂ ಪ್ರಶ್ನೆ ಕೇಳಿದ್ದಿರಾ ಎಂದರೆ, "ಕೇಳಾಕ ಮಾತ್ ಬರಬೇಕಲ್ಲೋ" ಅನ್ನುತ್ತಿದ್ದರು.

ಅದೇ ಮಾತು ಈಗ ಇನ್ನೊಂದು ರೀತಿಯಲ್ಲಿ ಎದುರಾಗಿದೆ. ಫೋನಿಗೆ ಕನ್ನಡದಲ್ಲಿ ಮಾತಾಡಿದರೆ ಬರೆದುಕೊಳ್ಳುವ ಸೌಲಭ್ಯವನ್ನು ಗೂಗಲ್ 2017ರಲ್ಲಿ ತಂದಿತು. ನಮ್ಮ ಹುಡುಗರಿಗೆ ಅದರಿಂದ ಆಗುವ ತಮಾಷೆ ಹೇಳತೀರದು. "ಏನ್ ಮಾಡಾಕತ್ತಿ" ಅಂದರೆ ಅದಕ್ಕೆ ಯಾವುದೋ ಕತ್ತಿ ಕಾಣಿಸುತ್ತದೆ. "ಹೊಂಟೈತಿ" ಅಂದರೆ ಹೊಂಡಕ್ಕೆ ಬೀಳುತ್ತದೆ. ಹುಡುಗರು ಏನು ಮಾಡುತ್ತಾರೆ ಗೊತ್ತೇ? ಫೋನಿನ ಎದುರು ಮೈ ಬಿಗಿಮಾಡಿಕೊಂಡು, ಟೀವಿ ವಾರ್ತೆಯವರ ದನಿ ತೆಗೆದು, "ಏನು ಮಾಡುತ್ತಿದ್ದೀರಿ" ಎಂದು ಶುರುಮಾಡುತ್ತಾರೆ. ಮಷೀನಿಗೆ ಕನ್ನಡ ಕಲಿಸಬೇಕಾದವರು ಮಷೀನಿನಿಂದ ಕನ್ನಡ ಕಲಿಯುತ್ತಿದ್ದಾರೆ.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದದ ಜೊತೆ ಎಣಿಸಿದ ಊರು ಮಹಾಕೊಪಣ. ಅಂದರೆ ನಮ್ಮ ಕೊಪ್ಪಳ. ತಿರುಳುಗನ್ನಡದ ಊರಿನವರ ಕನ್ನಡ ಫೋನಿಗೆ ತಿಳಿಯುವುದಿಲ್ಲ! ಟೈಪು ಮಾಡಿದರೆ ಪರವಾಗಿಲ್ಲ, ಈಚಿನ ಎಐ ಆ್ಯಪುಗಳು ನಮ್ಮ ಮಾತನ್ನು ಸಾಕಷ್ಟು ಹಿಡಿಯುತ್ತವೆ. ಆ ಹುಡುಗಿ ಟೈಪು ಮಾಡಿದ್ದೆಲ್ಲ ಮನೆಯ ಮಾತಿನಲ್ಲೇ ಇತ್ತು. ಉತ್ತರ ಮಾತ್ರ ಪುಸ್ತಕದ ಕನ್ನಡದಲ್ಲಿ. ಕೇಳುವುದು ಅಂಗಳದ ಮಾತಿನಲ್ಲಿ, ಕೇಳಿಸಿಕೊಳ್ಳುವುದು ಕಟ್ಟೆಯ ಮೇಲಿನವರ ಮಾತಿನಲ್ಲಿ. ಅಲ್ಲಿಗಾದರೂ ಬಂದೆವಲ್ಲ ಅನ್ನಿಸುತ್ತದೆ ಒಮ್ಮೊಮ್ಮೆ.

*

ನಡುವೆ ಬಂದವುಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಅವುಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಕಂಪ್ಯೂಟರ್ ಕೋಣೆ ಬಂತು, ಬೀಗ ಬಿತ್ತು. ಪ್ರೊಜೆಕ್ಟರ್ ಬಂತು, ಬಲ್ಬು ಹೋಯಿತು. 2017ರಲ್ಲಿ ದೀಕ್ಷಾ ಅನ್ನುವ ಪಾಠದ ಆ್ಯಪು ಬಂತು, ಆಮೇಲೆ ಪಠ್ಯಪುಸ್ತಕದ ಪಾಠಗಳಿಗೆ ಕ್ಯೂಆರ್ ಕೋಡ್. ಪುಸ್ತಕ ಮಕ್ಕಳ ಚೀಲದಲ್ಲಿ, ಕೋಡ್ ಓದುವ ಫೋನು ಅಪ್ಪನ ಜೇಬಿನಲ್ಲಿ, ಅಪ್ಪ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸದಲ್ಲಿ. ನಮ್ಮ ಕಡೆ ಗುಳೆ ಹೋಗುವವರ ಜೊತೆ ಫೋನೂ ಗುಳೆ ಹೋಗುತ್ತದೆ.

2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿದವು, ಗುಳೆ ಹೋದವರೆಲ್ಲ ನಡೆದುಕೊಂಡೋ ಲಾರಿ ಹತ್ತಿಯೋ ಊರಿಗೆ ಬಂದರು. ಫೋನುಗಳೂ ಬಂದವು. ಆದರೆ ಕೆಲಸವಿಲ್ಲದೆ ಬಂದವರ ಫೋನಿಗೆ ರೀಚಾರ್ಜ್ ಎಲ್ಲಿಯದು? ಚಂದನದಲ್ಲಿ ಪಾಠ ಹಾಕಿದರು. ಆಗಸ್ಟಿನಲ್ಲಿ ವಿದ್ಯಾಗಮ ಶುರುವಾಯಿತು. ನಾವೇ ಓಣಿ ಓಣಿಗೆ ಹೋಗಿ ಗುಡಿಯ ಕಟ್ಟೆ, ಬೇವಿನ ಮರದ ಕೆಳಗೆ ಹತ್ತು ಹದಿನೈದು ಹುಡುಗರನ್ನು ಕೂಡಿಸಿ ಕಲಿಸುವುದು. ಶಿಕ್ಷಕರಿಗೇ ಸೋಂಕು ತಗಲತೊಡಗಿ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿದರು. ನನ್ನ ನೌಕರಿಯಲ್ಲಿ ಹುಡುಗರು ಅತಿ ಹೆಚ್ಚು ಪ್ರಶ್ನೆ ಕೇಳಿದ್ದು ಆ ಎರಡು ತಿಂಗಳಲ್ಲಿ. ಗುಡಿಯ ಕಟ್ಟೆಯ ಮೇಲೆ ನಾನೂ ಅವರೂ ಒಂದೇ ಎತ್ತರದಲ್ಲಿ ಕೂತಿರುತ್ತಿದ್ದೆವು. ಆಗ ಇದನ್ನು ಗಮನಿಸಲಿಲ್ಲ, ಮಾಸ್ಕು ಸರಿಪಡಿಸಿಕೊಳ್ಳುವುದರಲ್ಲೇ ದಿನ ಹೋಯಿತು.

2024ರಲ್ಲಿ ಇನ್ನೊಂದು ಯಂತ್ರ ಬಂತು, ಕ್ಯಾಮೆರಾ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೊಠಡಿಗಳಲ್ಲಿ ಸಿಸಿಟಿವಿ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇಕಡಾ 83.89 ಇದ್ದ ರಾಜ್ಯದ ಫಲಿತಾಂಶ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿ ಎಷ್ಟೋ ಹುಡುಗರನ್ನು ದಡ ಮುಟ್ಟಿಸಿದ ಮೇಲೆ. ಕಲ್ಯಾಣ ಕರ್ನಾಟಕದ ಪಾಡು ಹೇಳುವುದೇ ಬೇಡ. ಕಿಟಕಿಯ ಆಚೆಯಿಂದ ಚೀಟಿ ಬರುತ್ತಿದ್ದ ದಿನಗಳನ್ನು ನಾವೆಲ್ಲ ಕಂಡವರು, ಕಂಡೂ ಕಾಣದಂತೆ ಇದ್ದವರು. ಕ್ಯಾಮೆರಾ ಇಟ್ಟದ್ದು ಸರಿ ಎಂದೇ ನನ್ನ ಲೆಕ್ಕ. ಆದರೆ ಸರಕಾರಿ ಶಾಲೆಯೊಂದಕ್ಕೆ ತಂತ್ರಜ್ಞಾನ ತಪ್ಪದೆ, ಸಮಯಕ್ಕೆ ಸರಿಯಾಗಿ, ಕೆಡದೆ ತಲುಪಿದ್ದು ಹುಡುಗರನ್ನು ಕಾಯುವುದಕ್ಕೆ ಬೇಕಾದಾಗ ಮಾತ್ರ ಅನ್ನುವುದೂ ನನ್ನ ಲೆಕ್ಕದಲ್ಲಿದೆ.

*

ಅದೇ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಕೊಂಡು ಹೋಯಿತು. ಬೆಳಗಾಗುವುದರೊಳಗೆ ಕೊಪ್ಪಳ, ಬಳ್ಳಾರಿ, ರಾಯಚೂರು ಮೂರೂ ಜಿಲ್ಲೆಗಳ ಒಕ್ಕಲು ಮಕ್ಕಳ ಎದೆಯಲ್ಲಿ ಒಂದೇ ಮಾತು: ಬೆಳೆಗೆ ನೀರು ಸಿಗುತ್ತದೋ ಇಲ್ಲವೋ. ಸೋಮವಾರದಿಂದ ಶಾಲೆಯಲ್ಲಿ ಬೇರೆ ಮಾತೇ ಇಲ್ಲ. ಒಂಬತ್ತನೇ ಕ್ಲಾಸಿಗೆ ಒತ್ತಡದ ಪಾಠ ಹೇಗೂ ಇತ್ತು. ಅಂದು ಪುಸ್ತಕ ಮುಚ್ಚಿಟ್ಟು, ನನ್ನ ಫೋನು ಮುಂದಿನ ಬೆಂಚಿಗೆ ಕೊಟ್ಟು, "ಗೇಟಿನ ಮ್ಯಾಲ ನೀರು ಎಷ್ಟು ಜೋರು ತಳ್ಳತಿತ್ತು, ಇದಕ್ಕ ಕೇಳಿ ಹೇಳ್ರಿ" ಅಂದೆ.

ಮೊದಲ ಹುಡುಗ ಕೇಳಿದ್ದಕ್ಕೆ ಅದು ಅಣೆಕಟ್ಟೆಗಳ ಮಹತ್ವದ ಮೇಲೆ ಎರಡು ಪುಟದ ಪ್ರಬಂಧ ಕೊಟ್ಟಿತು. ಎರಡನೆಯವನಿಗೆ ಸೂತ್ರ ಕೊಟ್ಟಿತು. ಮೂರನೆಯವನು ಕೇಳುವ ಹೊತ್ತಿಗೆ ಹಿಂದಿನಿಂದ ಒಬ್ಬ, ಗುಳೆ ಹೋದವರ ಮಗ, ಅಜ್ಜಿಯ ಹತ್ತಿರ ಇರುವವನು, ಎದ್ದು ಹೇಳಿದ: "ಹಂಗಲ್ಲಲೇ. ನೀರು ಮ್ಯಾಲ ಕಡಿಮಿ ತಳ್ಳತೈತಿ, ಕೆಳಗ ಜಾಸ್ತಿ ತಳ್ಳತೈತಿ. ನಡುವಿಂದ ತಗೋಬೇಕೋ ತಳದ್ದು ತಗೋಬೇಕೋ, ಅದನ್ನ ಕೇಳು." ಬಾವಿಯಲ್ಲಿ ಈಜುವ ಹುಡುಗ. ಕೆಳಗೆ ಮುಳುಗಿದಷ್ಟೂ ಕಿವಿ ಒತ್ತುತ್ತದೆ ಅನ್ನುವುದು ಅವನಿಗೆ ಮೈಯಿಂದ ಗೊತ್ತು.

ಆಗ ಬಂದ ಉತ್ತರ ಚುಟುಕಾಗಿತ್ತು: ನಡುವಿನದು, ಯಾಕೆಂದರೆ ಮೇಲೆ ಸೊನ್ನೆ, ತಳದಲ್ಲಿ ಪೂರ್ತಿ, ಎರಡರ ಸರಾಸರಿ. ಗೇಟು 60 ಅಡಿ ಅಗಲ, 20 ಅಡಿ ಎತ್ತರ. ಮೀಟರಿಗೆ ತಂದರೆ 18.3 ಮತ್ತು 6.1. ನೀರು ಗೇಟಿನ ತುದಿಯ ತನಕ ನಿಂತಿತ್ತು ಎಂದು ಇಟ್ಟುಕೊಂಡೆವು. ಬೋರ್ಡಿನ ಮೇಲೆ ನಾವೇ ಗುಣಿಸಿದೆವು, ಫೋನು ಬದಿಗಿಟ್ಟು. ಸುಮಾರು 340 ಟನ್ ಭಾರದಷ್ಟು ತಳ್ಳುವಿಕೆ. ಹತ್ತು ಟನ್ನಿನ ಭತ್ತದ ಲಾರಿಗಳು ಮೂವತ್ತನಾಲ್ಕು. ಒಬ್ಬ ಲೆಕ್ಕ ಹಾಕಿ ಅಷ್ಟು ಲಾರಿ ಸಾಲಾಗಿ ನಿಲ್ಲಿಸಿದರೆ ನಮ್ಮೂರಿಂದ ಎಲ್ಲಿಯ ತನಕ ಬರುತ್ತವೆ ಅಂತಲೂ ಹೇಳಿದ.

ಆ ವಾರ ಗೇಟು ತಜ್ಞ ಕನ್ಹಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಉಕ್ಕಿನ ಸ್ಟಾಪ್‌ಲಾಗ್ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಬಾಗಿಲು ಮುಚ್ಚಿತು. ಇಡೀ ಗೇಟು ಒಮ್ಮೆಲೇ ಇಳಿಸದೆ ತುಂಡು ಮಾಡಿ ಯಾಕೆ ಇಳಿಸಿದರು ಎಂದು ಹುಡುಗರು ನನ್ನನ್ನು ಕೇಳಬೇಕಾಗಿಯೇ ಬರಲಿಲ್ಲ, ಬೋರ್ಡಿನ ಮೇಲೆ 340 ಇನ್ನೂ ಅಳಿಸಿರಲಿಲ್ಲ.

ನಮ್ಮ ಈ ಹುಡುಗಿಯೂ ಅಂದು ಅಲ್ಲೇ ಇದ್ದಳು. ಒಂದೂ ಮಾತಾಡಲಿಲ್ಲ. ಈಗ ಯೋಚಿಸಿದರೆ, ಮಷೀನಿಗೆ ಹೀಗೂ ಕೇಳಬಹುದು ಅನ್ನುವುದನ್ನು ಅವಳು ಅಂದೇ ಕಂಡಿರಬಹುದು.

*

ನನ್ನ ಗೆಳೆಯರೊಬ್ಬರು ಪದವಿ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾರೆ. ಅವರ ಪಾಡು ಬೇರೆ. ನಾನು ಓದುವಾಗ ಈ ಸೀಮೆಯ ಕಾಲೇಜುಗಳಿಗೆಲ್ಲ 1980ರಲ್ಲಿ ಶುರುವಾದ ಗುಲ್ಬರ್ಗಾ ವಿಶ್ವವಿದ್ಯಾಲಯವೇ ಗತಿ. ಈಗ ಬಳ್ಳಾರಿಗೆ 2010ರಿಂದ ಬೇರೆ, ರಾಯಚೂರಿಗೆ ಬೇರೆ, ಕೊಪ್ಪಳಕ್ಕೇ ಬೇರೆ ವಿಶ್ವವಿದ್ಯಾಲಯ. ರಾಯಚೂರಿನಲ್ಲಿ 2019ರಿಂದ ಐಐಐಟಿ. ನಮ್ಮ ಸೀಮೆಯವರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಸೀಟುಗಳೂ ಹೆಚ್ಚಿದವು. ಹೊಸ ವಿಚಾರಗಳಿಗಂತೂ ಬರವಿಲ್ಲ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದ ರಾಜ್ಯ ನಮ್ಮದು, ನಾಲ್ಕು ವರ್ಷದ ಪದವಿ. 2024ರಲ್ಲಿ ಅದನ್ನು ಬಿಟ್ಟು ಮತ್ತೆ ಮೂರು ವರ್ಷ. ನಡುವಿನ ಹುಡುಗರಿಗೆ ತಾವು ಯಾವ ಸಿಲೆಬಸ್ಸಿನವರು ಎಂದು ಹೇಳಲು ಒಂದು ನಿಮಿಷ ಬೇಕು.

ಗೆಳೆಯರ ದುಃಖ ಅಸೈನ್‌ಮೆಂಟಿನದು. ಎಲ್ಲರದೂ ಒಂದೇ ಥರ, ಎಲ್ಲದರ ಕೊನೆಯಲ್ಲೂ "ಒಟ್ಟಾರೆಯಾಗಿ ಹೇಳುವುದಾದರೆ". ಕೈಯಲ್ಲಿ ಬರೆದು ತನ್ನಿ ಅಂದರು. ಫೋನು ನೋಡಿ ಕೈಯಲ್ಲಿ ಬರೆದು ತಂದರು. ಕಡೆಗೆ ಉಪಾಯ ಹೂಡಿದರು: ನಿಮ್ಮ ಮನೆಯ ಹಿರಿಯರನ್ನು ಮಾತಾಡಿಸಿ, 1972ರ ಬರದಲ್ಲಿ ಏನು ತಿಂದಿರಿ, ಎಲ್ಲಿಗೆ ಹೋದಿರಿ ಎಂದು ಕೇಳಿ ಬರೆದುಕೊಂಡು ಬನ್ನಿ. ಇದನ್ನು ಯಾವ ಮಷೀನು ಬರೆದೀತು?

ಒಬ್ಬನ ಅಜ್ಜಿ ಹೇಳಿದ್ದರಂತೆ: "ಒಟ್ಟಾರೆಯಾಗಿ ಹೇಳುವುದಾದರೆ, ಬರಗಾಲವು ಒಂದು ಸಂಕೀರ್ಣ ವಿದ್ಯಮಾನವಾಗಿತ್ತು."

ನಕ್ಕು ನಕ್ಕು ಸಾಕಾಯಿತು. ಉಳಿದವರಲ್ಲಿ ಹತ್ತು ಹನ್ನೆರಡು ಹುಡುಗರು ನಿಜವಾಗಿ ಕೇಳಿ ಬರೆದಿದ್ದರಂತೆ. ಕಾರೆಹಣ್ಣು, ಅಂಬಲಿ, ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದದ್ದು. ಒಬ್ಬ ಹುಡುಗಿ ಕೊನೆಯಲ್ಲಿ, "ನಮ್ಮಮ್ಮನ ಮುಂದೆ ಅಜ್ಜಿ ಇದನ್ನು ಯಾವತ್ತೂ ಹೇಳಿರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ" ಎಂದು ಬರೆದಿದ್ದಳಂತೆ. ಗೆಳೆಯರು ಆ ಹಾಳೆಯನ್ನು ಮರಳಿ ಕೊಟ್ಟಿಲ್ಲ, ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆ.

ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಳೆ. ಹತ್ತರ ತನಕ ಕನ್ನಡ ಮಾಧ್ಯಮ. ಪ್ರಾದೇಶಿಕ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ತಾಂತ್ರಿಕ ಶಿಕ್ಷಣದ ಮಂಡಳಿಯಾದ ಎಐಸಿಟಿಇ 2021ರಲ್ಲೇ ಅನುಮತಿ ಕೊಟ್ಟಿದೆ, ಆದರೆ ಇವಳೂ ಇವಳ ಗೆಳತಿಯರೂ ಅತ್ತ ತಲೆ ಹಾಕಲಿಲ್ಲ. ನೌಕರಿಯ ಸಂದರ್ಶನ ಇಂಗ್ಲಿಷಿನಲ್ಲಿ ನಡೆಯುತ್ತದಲ್ಲ. ಹಗಲು ಕ್ಲಾಸಿನಲ್ಲಿ ಇಂಗ್ಲಿಷ್ ಕೇಳಿಸಿಕೊಂಡು ರಾತ್ರಿ ಹಾಸ್ಟೆಲಿನಲ್ಲಿ ಅದನ್ನೇ ಫೋನಿಗೆ ಕನ್ನಡದಲ್ಲಿ ಕೇಳುತ್ತಾಳಂತೆ. "ಸರ, ಅದು ಎಷ್ಟ್ ಸಲ ಕೇಳಿದ್ರೂ ಬ್ಯಾಸರ ಮಾಡ್ಕೊಳ್ಳಂಗಿಲ್ರಿ. ನಗಂಗಿಲ್ರಿ," ಅಂದಳು. ತಿಳಿಸಿ ಹೇಳುತ್ತದೆ ಎಂದು ಅವಳು ಹೇಳಲಿಲ್ಲ. ನಗುವುದಿಲ್ಲ ಅಂದಳು. ನನಗೆ ಮತ್ತೆ "ಇಲ್ರೀ" ಅಂದ ಗೆಳೆಯನ ಮುಖ ಕಣ್ಣಮುಂದೆ ಬಂತು.

*

ಆ ನಲವತ್ತೊಂದರಲ್ಲಿ ಒಂದು ಪ್ರಶ್ನೆಯನ್ನು ಇಲ್ಲಿಯ ತನಕ ಹೇಳಿರಲಿಲ್ಲ. ಕನ್ನಡಿಯ ಪ್ರಶ್ನೆ ಮುಗಿದ ಮೇಲೆ ಅವಳು ಟೈಪು ಮಾಡಿದ್ದು: "ಇದನ್ನ ನಾಳೆ ನಮ್ಮ ಸರ್‌ಗೆ ಕೇಳಿದ್ರ ಬೈತಾರೇನು?"

ಮಷೀನಿನ ಉತ್ತರ: "ಖಂಡಿತ ಇಲ್ಲ! ನಿಮ್ಮ ಶಿಕ್ಷಕರು ನಿಮ್ಮ ಕುತೂಹಲವನ್ನು ಕಂಡು ಸಂತೋಷಪಡುತ್ತಾರೆ."

ಬೆಂಗಳೂರು ದೂರದರ್ಶನದ ಬಗ್ಗೆ ಹೇಳಿದಷ್ಟೇ ಧೈರ್ಯದಿಂದ ಇದನ್ನೂ ಹೇಳಿತ್ತು. ಹುಡುಗಿಗೆ ನನ್ನ ಪರಿಚಯ ಅದಕ್ಕಿಂತ ಹೆಚ್ಚು. ಅವಳು ಕೇಳಲಿಲ್ಲ.

ಮರುದಿನ ಹತ್ತನೇ ಕ್ಲಾಸಿಗೆ ಹೋದವನು ಸೀಮೆಸುಣ್ಣ ಹಿಡಿಯಲಿಲ್ಲ. ಕುರ್ಚಿ ಎಳೆದುಕೊಂಡು ಬೆಂಚುಗಳ ನಡುವೆ ಕೂತೆ. ಇವತ್ತು ಪಾಠ ಇಲ್ಲ, ನೀವು ಕೇಳ್ರಿ, ಏನು ಬೇಕಾದರೂ, ಅಂದೆ. ಐವತ್ತಮೂರು ಮುಖಗಳು ಒಂದನ್ನೊಂದು ನೋಡಿಕೊಂಡವು. ಫ್ಯಾನಿನ ಸದ್ದು. ಹಿಂದೆ ಯಾರೋ ಕಿಸಕ್ಕೆಂದರು. ಆ ಹುಡುಗಿ ತಲೆ ಬಗ್ಗಿಸಿ ಕಂಪಾಸ್ ಬಾಕ್ಸಿನ ಮುಚ್ಚಳ ತೆರೆದು ಮುಚ್ಚಿ ಮಾಡುತ್ತಿದ್ದಳು. ಎರಡು ನಿಮಿಷ, ನಾಲ್ಕು ನಿಮಿಷ. ಇಷ್ಟು ವರ್ಷದ ಮೌನ ಒಂದು ಕುರ್ಚಿ ಎಳೆದ ಮಾತ್ರಕ್ಕೆ ಮುರಿಯುತ್ತದೆ ಎಂದು ನಾನೂ ನಂಬಿರಲಿಲ್ಲ. ಆದರೂ ಕೂತೇ ಇದ್ದೆ.

ಕಡೆಗೆ ಕಿಟಕಿಯ ಪಕ್ಕದಿಂದ ಒಂದು ಕೈ ಮೇಲೆದ್ದಿತು.

"ಸರ, ಒಂದ್ ಮಾತ್ ಕೇಳ್ಲೇನ್ರಿ?"

"ಕೇಳು ತಮ್ಮಾ, ಕೇಳು!"

"ಊಟಕ್ಕ ಬಿಡ್ತೀರೇನ್ರಿ? ಗಂಟಿ ಆತ್ರಿ. ಇವತ್ತ ತತ್ತಿ ಐತ್ರಿ."